ಗಿಟಾರ್ ಗುಡುಗಿದರೆ ಪದ ಕೇಳೀತೆ?

ಹಳೆ ಗೋವೆಯ ಬೊಮ್ ಜೀಸಸ್ ಬಸಿಲಿಕ ಪ್ರತಿಷ್ಠೆಗೊಂಡದ್ದು 1605ರಲ್ಲಿ. ಕಟ್ಟಿದವರು ಆಂಪ್ಲಿಫಯರನ್ನು ಕನಸಿನಲ್ಲೂ ಕಂಡಿರಲಿಲ್ಲ! ಇಂತಹ ಎತ್ತರದ ಕಲ್ಲಿನ ದೇವಾಲಯಗಳಲ್ಲಿ ಶಬ್ದ ಬೇಗ ಅಡಗದು. ಅದರಲ್ಲೂ ತಗ್ಗಿನ ಸ್ವರ ಸುತ್ತುತ್ತಲೇ ಇರುತ್ತದೆ. ಗೋವೆಯ ಯುವಜನರಿಗೆ ಗಿಟಾರ್ ನುಡಿಸುವುದನ್ನು ನಾವು ಹೇಳಿಕೊಡಬೇಕಿಲ್ಲ. ಆದರೆ ಬಲಿಪೂಜೆಯಲ್ಲಿ ಬಾಸ್ ಗುಂಡಿಯನ್ನು ಪೂರ್ತಿ ತಿರುಗಿಸಿಟ್ಟರೆ ಕೊನೆಯ ಬೆಂಚಿನ ಅಜ್ಜಿಗೆ ಗೀತೆಯ ಪದ ಕೇಳದು. ಪುಸ್ತಕ ಓದಲಾಗದೆ, ಕೇಳಿಯೇ ಹಾಡುವ ಹಿರಿಯರು ಎಷ್ಟು ಮಂದಿ!

ಗಿಟಾರಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಬಾರಿ ಕಂಪಿಸುತ್ತದೆ. ಸ, ತ, ಕ ಅಕ್ಷರಗಳನ್ನು ಬಿಡಿಸಿ ತೋರಿಸುವ ಕಂಪನಗಳು ಬಹುಪಾಲು 2000ಕ್ಕಿಂತ ಮೇಲೆ. ತಗ್ಗಿನ ಸದ್ದು ಜೋರಾದರೆ ಮೇಲಿನದನ್ನು ನುಂಗಿಬಿಡುತ್ತದೆ. ಆದುದರಿಂದ ನಾವು ಮೊದಲು ಇಳಿಸಬೇಕಾದದ್ದು ಬಾಸ್. ಮೂರೂ ಗುಂಡಿಗಳನ್ನು 5ಕ್ಕೆ ಇಟ್ಟರೆ ಸಮನಾಯಿತೆಂದು ತಿಳಿಯಬೇಡಿ. ಫೆಂಡರ್ ಮಾದರಿಯ ಆಂಪ್ಲಿಫಯರುಗಳಲ್ಲಿ ಆಗಲೂ ಮಧ್ಯದ ಸ್ವರ ತಗ್ಗಿಯೇ ಇರುತ್ತದೆ. ಒಂದು ಗುಂಡಿ ತಿರುಗಿಸಿದರೆ ಉಳಿದೆರಡರ ಪರಿಣಾಮವೂ ಬದಲಾಗುತ್ತದೆ. ಬಾಸ್ ಇಳಿಸಿ, ಮಿಡಲ್ ತುಸು ಏರಿಸಿ, ಮತ್ತೆ ಕೇಳಿ.

ಕೇಳುವವರು ಹಿಂದಿನ ಬೆಂಚಿನಲ್ಲಿರಲಿ, ಆಂಪ್ಲಿಫಯರ್ ಪಕ್ಕದಲ್ಲಲ್ಲ. ಭಾನುವಾರ ಜನ ತುಂಬಿದಾಗ ಅವರ ಬಟ್ಟೆಬರೆಯೇ ಮೇಲಿನ ಸ್ವರಗಳನ್ನು ಹೀರುತ್ತದೆ; ಆಗ ಟ್ರೆಬಲ್ ಒಂದು ಗೆರೆ ಏರಿಸಿದರಾಯಿತು.