ಕಾದ್ರೆ ಸಿಗುತ್ತಾ?

ಪಿಯುಸಿ ರಿಸಲ್ಟ್ ಬಂದ ದಿನ ಇದೇ ಕಾರ್ಯಕ್ರಮದಲ್ಲಿ ನಾನೊಂದು ಕಥೆ ಹೇಳಿದ್ದೆ, ನೆನಪಿದೆಯಾ? ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ವಾಲ್ಟರ್ ಮಿಶೆಲ್ ಅನ್ನೋ ಮನಶ್ಶಾಸ್ತ್ರಜ್ಞರು ಪುಟ್ಟ ಮಕ್ಕಳ ಮುಂದೆ ಮಾರ್ಷ್‌ಮ್ಯಾಲೋ ಅಂತ ಮೆತ್ತನೆ ಮಿಠಾಯಿ ಇಡಿಸಿದ್ರು. ಈಗಲೇ ತಿಂದ್ರೆ ಒಂದು, ಕಾದ್ರೆ ಎರಡು. ಕಾದ ಮಕ್ಕಳು ಮುಂದೆ ಪರೀಕ್ಷೆಯಲ್ಲಿ ಹೆಚ್ಚು ಅಂಕ ತಗೊಂಡ್ರು. 'ನಿಮ್ಮ ಮಗುವಿಗೂ ಇವತ್ತೇ ಈ ಟೆಸ್ಟ್ ಮಾಡಿ' ಅಂತ ಟೇಬಲ್ ತಟ್ಟಿ ಹೇಳಿದ್ದೆ.

ಆಗ ಒಬ್ಬ ಆಟೋ ಚಾಲಕರು ಫೋನ್ ಮಾಡಿದ್ರು. 'ಸಾರ್, ನನ್ ಮಗ ಕಾಯಲ್ಲ. ಮನೇಲಿ ಇಬ್ರು ಅಣ್ಣಂದಿರಿದ್ದಾರೆ. ಕಾದ್ರೆ ಅವನಿಗೆ ಒಂದೂ ಸಿಗಲ್ಲ. ಅವನು ಫೇಲ್ ಆಗ್ತಾನಾ?' ನಾನು ನಕ್ಕು ಬ್ರೇಕ್‌ಗೆ ಹೋದೆ.

ನಮ್ಮ ಡೆಸ್ಕ್‌ನಲ್ಲಿ ಬಿ.ಎ. ಸೈಕಾಲಜಿ ಓದೋ ಹುಡುಗಿಯೊಬ್ಬಳು ಇಂಟರ್ನ್. ಕಾರ್ಯಕ್ರಮ ಮುಗಿದ ಮೇಲೆ ಬಂದು, 'ಸರ್, ಫೋನ್ ಮಾಡಿದ್ರಲ್ಲ, ಅವರು ಹೇಳಿದ್ದೇ ನಮ್ಮ ಸಂಶೋಧನಾ ವಿಧಾನದ ಪೇಪರ್‌ನಲ್ಲಿ ಇರೋದು' ಅಂದಳು. ಸೈಕಾಲಜಿ ಅಂದ್ರೆ ಮನಸ್ಸು ಓದೋದು, ಕನಸಿಗೆ ಅರ್ಥ ಹೇಳೋದು ಅಂದ್ಕೊಂಡು ಸೇರೋ ಮಕ್ಕಳಿಗೆ ಈ ಪೇಪರ್ ಅಂದ್ರೆ ತಲೆನೋವಂತೆ. ಸ್ಯಾಂಪಲ್, ಚರಾಂಶ, ಸಹಸಂಬಂಧ, ಬರೀ ಲೆಕ್ಕ.

ನಾನು ಎಂಜಿನಿಯರಿಂಗ್ ಓದಿದವನು. ಲ್ಯಾಬ್‌ನಲ್ಲಿ ರೆಸಿಸ್ಟರ್‌ಗೆ ಮೀಟರ್ ಹಿಡಿದ್ರೆ ಓಮ್ಸ್ ಎಷ್ಟು ಅಂತ ತೋರಿಸುತ್ತೆ, ಮುಗೀತು. ರೆಸಿಸ್ಟರ್‌ಗೆ ಅಣ್ಣಂದಿರಿಲ್ಲ. ಮಗುವಿಗಿದ್ದಾರೆ! ಅಪ್ಪನ ಸಂಪಾದನೆ ಇದೆ, ಅಮ್ಮನ ಓದಿದೆ, ಹಿಂದೆ ದೊಡ್ಡವರು ಮಾತು ತಪ್ಪಿದ ನೆನಪಿದೆ. ಮಗು ಕಾಯೋದಕ್ಕೂ ಇವೇ ಕಾರಣ ಆಗಿರಬಹುದು, ಅಂಕ ಬರೋದಕ್ಕೂ ಇವೇ ಕಾರಣ ಆಗಿರಬಹುದು. ಕಾದಿದ್ದರಿಂದಲೇ ಅಂಕ ಬಂತು ಅಂತ ಹೇಳೋದು ಹೇಗೆ?

ಹೊಸ ಪಾಠಕ್ರಮ ಚೆನ್ನಾಗಿದೆಯಾ ಅಂತ ನೋಡ್ಬೇಕಾದ್ರೆ ಚೀಟಿ ಎತ್ತಿ ಅರ್ಧ ಮಕ್ಕಳಿಗೆ ಹೊಸದು, ಅರ್ಧ ಮಕ್ಕಳಿಗೆ ಹಳೇದು ಕೊಡಬಹುದು. ಚೀಟಿಗೆ ಬಡವ ಬಲ್ಲಿದ ಗೊತ್ತಿಲ್ಲ, ಹಾಗಾಗಿ ಎರಡೂ ಗುಂಪು ಹೆಚ್ಚುಕಮ್ಮಿ ಒಂದೇ ತರ ಇರುತ್ತೆ. ಆದ್ರೆ ಯಾವ ಮಗು ಯಾವ ಮನೇಲಿ ಹುಟ್ಟಬೇಕು ಅಂತ ಚೀಟಿ ಎತ್ತೋಕಾಗುತ್ತಾ ಸ್ವಾಮಿ? ಅದಕ್ಕೆ ಆ ವಿವರವನ್ನೆಲ್ಲ ಮೊದಲೇ ಬರೆದಿಟ್ಟುಕೊಂಡು, ಒಂದೇ ತರದ ಮನೆಯ ಮಕ್ಕಳನ್ನ ಪರಸ್ಪರ ಹೋಲಿಸಿದ ಹಾಗೆ ಲೆಕ್ಕ ಹಾಕಬೇಕು.

2018ರಲ್ಲಿ ಟೈಲರ್ ವಾಟ್ಸ್ ಮತ್ತು ಜೊತೆಗಾರರು ಮಾಡಿದ್ದು ಇದನ್ನೇ. ಅಂಕದ ಮಾತು ಬಂದಿದ್ದು ನೂರಕ್ಕಿಂತ ಕಡಿಮೆ ಮಕ್ಕಳಿಂದ, ಅವರೆಲ್ಲ ಸ್ಟ್ಯಾನ್‌ಫರ್ಡ್ ಕ್ಯಾಂಪಸ್ಸಿನ ಶಿಶುವಿಹಾರದವರು. ವಾಟ್ಸ್ ತಂಡ 900ಕ್ಕೂ ಹೆಚ್ಚು ಮಕ್ಕಳ ಮಾಹಿತಿ ತಗೊಂಡಿತು. ಅದರಲ್ಲಿ ಕಾಲೇಜು ಪದವಿ ಇಲ್ಲದ ತಾಯಂದಿರ ಮಕ್ಕಳೂ ಬೇಕಾದಷ್ಟಿದ್ರು. ಹದಿನೈದನೇ ವಯಸ್ಸಿನ ಕಲಿಕೆ ನೋಡಿದಾಗ ಕಾಯೋದಕ್ಕೂ ಅಂಕಕ್ಕೂ ಇದ್ದ ನಂಟು ಹಳೇದರ ಅರ್ಧದಷ್ಟಿತ್ತು. ಮನೆಯ ಹಿನ್ನೆಲೆ, ಮಗುವಿನ ಮೊದಲಿನ ಬುದ್ಧಿಮಟ್ಟ ಲೆಕ್ಕಕ್ಕೆ ತಗೊಂಡಾಗ ಅದರಲ್ಲೂ ಮೂರನೇ ಎರಡು ಪಾಲು ಹೋಯ್ತು.

ಇದೊಂದೇ ಅಲ್ಲ. ಪ್ರಮುಖ ಪತ್ರಿಕೆಗಳಲ್ಲಿ ಬಂದಿದ್ದ 100 ಅಧ್ಯಯನಗಳನ್ನ ಸೈಕಾಲಜಿಯವರೇ ಮತ್ತೆ ಮಾಡಿ ನೋಡಿ, 2015ರಲ್ಲಿ ಫಲಿತಾಂಶ ಪ್ರಕಟಿಸಿದ್ರು. ಮೊದಲ ಸಲ 97ರಲ್ಲಿ ಗಟ್ಟಿ ಫಲಿತಾಂಶ ಬಂದಿತ್ತು. ಎರಡನೇ ಸಲ ಬಂದಿದ್ದು ಶೇಕಡಾ 36ರಲ್ಲಿ ಮಾತ್ರ. ತಮ್ಮ ತಪ್ಪನ್ನ ತಾವೇ ಹುಡುಕಿ ಅಚ್ಚು ಹಾಕಿಸಿದ್ರಲ್ಲ, ಅದು ನನಗೆ ದೊಡ್ಡದಾಗಿ ಕಾಣುತ್ತೆ. ನಾವು ಟಿವಿಯವರು ಹಾಗೆ ಮಾಡ್ತೀವಾ? ಅಂದಹಾಗೆ, 1935ರಲ್ಲಿ ಮೈಸೂರಿನ ತಮ್ಮ ಮನೇಲಿ 'ಆಕಾಶವಾಣಿ' ಶುರು ಮಾಡಿದ ಎಂ.ವಿ. ಗೋಪಾಲಸ್ವಾಮಿ ಅವರು ಸೈಕಾಲಜಿ ಪ್ರಾಧ್ಯಾಪಕರು.

ಆ ಚಾಲಕರ ನಂಬರ್ ಹುಡುಕಿಸಿದೆ. ಡೆಸ್ಕ್‌ನಲ್ಲಿ ಯಾರೂ ಬರೆದಿಟ್ಟಿರಲಿಲ್ಲ. ಸಾರ್, ನೀವು ಇವತ್ತೂ ನೋಡ್ತಿದ್ರೆ ಕೇಳಿ: ನಿಮ್ಮ ಮಗ ಕಾಯದೆ ತಿಂದಿದ್ದರಿಂದ ಅವನ ಭವಿಷ್ಯ ಏನೂ ಗೊತ್ತಾಗಲ್ಲ. ಆವತ್ತು ನಾನು ನಗಬಾರದಿತ್ತು.