ಮೂರು ಜೀವದ ಜುಮಾಂಜಿ

ಜುಮಾಂಜಿ ಅಂದರೆ ನನಗೆ ಈಗಲೂ 1995ರ ರಾಬಿನ್ ವಿಲಿಯಮ್ಸ್. ಹಾಗಾಗಿ 2017ರ 'ಜುಮಾಂಜಿ: ವೆಲ್‌ಕಮ್ ಟು ದ ಜಂಗಲ್' ನೋಡುವುದನ್ನು ಇಷ್ಟು ದಿನ ಮುಂದೂಡುತ್ತಲೇ ಬಂದಿದ್ದೆ.

ನಗು ಬಂತು, ಧಾರಾಳವಾಗಿ. ದಾಳ ಉರುಳಿಸಿ ಆಡುವ ಹಳೆಯ ಹಲಗೆಯಾಟ ಇಲ್ಲಿ ವಿಡಿಯೋ ಗೇಮ್ ಆಗಿದೆ. ಶಾಲೆಯಲ್ಲಿ ಶಿಕ್ಷೆಗೆ ಕೂತ ನಾಲ್ವರು ಮಕ್ಕಳನ್ನು ಅದು ಒಳಗೆ ಎಳೆದುಕೊಳ್ಳುತ್ತದೆ. ಪುಕ್ಕಲ ಹುಡುಗ ಡ್ವೇನ್ ಜಾನ್ಸನ್ ಆಗುತ್ತಾನೆ. ಸೆಲ್ಫಿ ಹುಚ್ಚಿನ ಹುಡುಗಿ ಡೊಳ್ಳುಹೊಟ್ಟೆಯ ಜ್ಯಾಕ್ ಬ್ಲ್ಯಾಕ್! ಅವರೊಬ್ಬರ ನಟನೆಗೇ ಈ ಸಿನಿಮಾ ನೋಡಬಹುದು.

ಆದರೆ ಹೆದರಿಕೆ? ಹಳೆಯದರಲ್ಲಿ ಕಾಡೇ ಮನೆಗೆ ನುಗ್ಗುತ್ತಿತ್ತು. ಅಡುಗೆಮನೆಯಲ್ಲಿ ಕೋತಿಗಳು, ಗೋಡೆ ಒಡೆದು ಬರುವ ಘೇಂಡಾಮೃಗಗಳು. ಇಲ್ಲಿ ಒಬ್ಬೊಬ್ಬರಿಗೂ ಮೂರು ಜೀವ, ಸತ್ತರೆ ಆಕಾಶದಿಂದ ಮತ್ತೆ ದೊಪ್ಪನೆ ಬೀಳುತ್ತಾರೆ. ಅಲನ್ ಪ್ಯಾರಿಶ್‌ಗೆ ಇದ್ದದ್ದು ಒಂದೇ ಜೀವ. 26 ವರ್ಷದ ಮೇಲೆ ಕಾಡಿನಿಂದ ಹೊರಬಂದರೆ ಅಪ್ಪನ ಶೂ ಕಾರ್ಖಾನೆ ಮುಚ್ಚಿತ್ತು, ಅಪ್ಪ ಅಮ್ಮ ಇರಲಿಲ್ಲ. ಊರು ಬಿಟ್ಟು ಬಂದ ನಮ್ಮಂಥವರಿಗೆ ಆ ದೃಶ್ಯ ಈಗ ಚಿಕ್ಕಂದಿಗಿಂತ ಹೆಚ್ಚು ಚುಚ್ಚುತ್ತದೆ.

ಹೊಸದರಲ್ಲೂ ಅಲನ್ ಹೆಸರು ಒಂದು ಕಡೆ ಬರುತ್ತದೆ, ಅವನಿದ್ದ ಕಾಡಿನ ಗುಡಿಸಲಲ್ಲಿ ಕೆತ್ತಿದ ಅಕ್ಷರಗಳಾಗಿ. ವಿಲಿಯಮ್ಸ್ 2014ರಲ್ಲೇ ತೀರಿಕೊಂಡಿದ್ದರು. ಕ್ಯಾಮೆರಾ ಆ ಕೆತ್ತನೆಯ ಮುಂದೆ ಇನ್ನಷ್ಟು ಹೊತ್ತು ನಿಲ್ಲಬಾರದಿತ್ತೇ?