ಕ್ಯಾಶುವಾಲ್ಟಿಯ ಮೊದಲ ಹತ್ತು ನಿಮಿಷ

ಉಚ್ಚಿಲದವರಿಗೆ ಆಪತ್ತು ಮೂರು ಕಡೆಯಿಂದ ಬರುತ್ತದೆ. ಮಹಾಲಕ್ಷ್ಮೀ ದೇವಸ್ಥಾನದ ಮಗ್ಗುಲಲ್ಲೇ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 66ರ ಅಪಘಾತ, ಪಡುವಣ ಕಡಲಿನಲ್ಲಿ ಮೀನುಗಾರರಿಗೆ ಆಗುವ ಪೆಟ್ಟು, ಮೂಡು ಭಾಗದ ಗದ್ದೆ-ತೋಟಗಳಲ್ಲಿ ಹಾವಿನ ಕಡಿತ. ಎದೆನೋವು, ಲಕ್ವಗಳಂತೂ ಎಲ್ಲ ಊರಿನವು. 2008ರ ನವೆಂಬರ್ 1ರಿಂದ ರಾಜ್ಯದಲ್ಲಿ ಓಡುತ್ತಿರುವ 108 ಆಂಬುಲೆನ್ಸ್ ರೋಗಿಯನ್ನು ಉಡುಪಿಗೋ, ಸುಮಾರು 25 ಕಿ.ಮೀ. ದೂರದ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಗೋ ತಲುಪಿಸುತ್ತದೆ. ಬಾಗಿಲಲ್ಲಿ ಮನೆಯವರು ಕೇಳುವುದು 'ಡಾಕ್ಟ್ರು ಎಲ್ಲಿ?' ಎಂದು. ಆದರೆ ಹೆಚ್ಚಿನ ಸಲ ರೋಗಿಯ ಮೈಮುಟ್ಟಿ ನೋಡುವ ಮೊದಲ ಕೈ ಸಿಸ್ಟರ್ ಅಥವಾ ಬ್ರದರ್ ಅವರದು.

ಅವರ ಮೊದಲ ಕೆಲಸ ಇಂಜೆಕ್ಷನ್ ಕೊಡುವುದಲ್ಲ, ವಿಂಗಡಿಸುವುದು. ಇದಕ್ಕೆ ಟ್ರಯಾಜ್ ಎಂದು ಹೆಸರು. ನೆಪೋಲಿಯನ್ನನ ಸೇನೆಯ ಶಸ್ತ್ರವೈದ್ಯ ಡೊಮಿನಿಕ್ ಲಾರೆ ಗಾಯಾಳುಗಳನ್ನು ಹುದ್ದೆ ನೋಡದೆ, ಗಾಯದ ತೀವ್ರತೆ ನೋಡಿ ಉಪಚರಿಸಬೇಕೆಂದ. ಇಂದಿಗೂ ನಿಯಮ ಅದೇ. ಈ ಕ್ಷಣವೇ ಜೀವಕ್ಕೆ ಅಪಾಯವಿದ್ದವರು ಕೆಂಪು, ಸ್ವಲ್ಪ ತಡೆಯಬಲ್ಲವರು ಹಳದಿ, ಕಾಯಬಲ್ಲವರು ಹಸಿರು. ಕೂಗಾಡುವವನ ಉಸಿರಾಟವಾದರೂ ಸರಿಯಾಗಿದೆ. ಮೂಲೆಯಲ್ಲಿ ಬೆವತು ಸುಮ್ಮನೆ ಕುಳಿತವನನ್ನು ಅನುಭವಿ ನರ್ಸ್ ಮೊದಲು ನೋಡುತ್ತಾರೆ. ನಾಡಿ, ಬಿ.ಪಿ., ಆಮ್ಲಜನಕದ ಮಟ್ಟ, ನಿಮಿಷಕ್ಕೆ ಎಷ್ಟು ಉಸಿರು ಎಂಬ ಲೆಕ್ಕ, ಪ್ರಜ್ಞೆಯನ್ನು ಅಳೆಯುವ 3ರಿಂದ 15ರ ಗ್ಲಾಸ್ಗೊ ಅಂಕ, ಎಲ್ಲವೂ ಬೇಗ ಆಗಬೇಕು. ಗ್ಲಾಸ್ಗೊ ಅಂಕ 8ಕ್ಕೆ ಇಳಿಯಿತೆಂದರೆ ರೋಗಿ ತನ್ನ ಉಸಿರಿನ ದಾರಿಯನ್ನು ತಾನೇ ಕಾಪಾಡಿಕೊಳ್ಳಲಾರ ಎಂದರ್ಥ. ಎದೆನೋವಿನವರಿಗೆ ಬಂದ 10 ನಿಮಿಷದೊಳಗೆ ಇ.ಸಿ.ಜಿ. ಆಗಬೇಕು ಎಂಬುದು ಎಲ್ಲೆಡೆ ಒಪ್ಪಿದ ಗಡುವು. ಎದೆನೋವೆಂದು ಬಾಯಲ್ಲಿ ಹೇಳದೆ, ಹೊಟ್ಟೆ ಉರಿ, ಸುಸ್ತು ಎನ್ನುವ ಮಧುಮೇಹದ ಹೆಂಗಸರಲ್ಲಿ ಹೃದಯಾಘಾತವನ್ನು ಶಂಕಿಸುವುದು ನಿಜವಾದ ಕೌಶಲ.

ಹಾವು ಕಚ್ಚಿದ ಪ್ರಕರಣವನ್ನು ಸ್ವಲ್ಪ ವಿವರವಾಗಿ ನೋಡೋಣ. ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟುವ ಗುಣವನ್ನೇ ಕೆಡಿಸುತ್ತದೆ. ಅದನ್ನು ಪತ್ತೆ ಮಾಡಲು ದೊಡ್ಡ ಯಂತ್ರ ಬೇಕಿಲ್ಲ, ಒಂದು ಗಾಜಿನ ನಳಿಕೆ ಸಾಕು. ನರ್ಸ್ ಎರಡು ಮಿಲಿಲೀಟರಿನಷ್ಟು ರಕ್ತ ತೆಗೆದು ಸ್ವಚ್ಛ, ಒಣ ನಳಿಕೆಗೆ ಹಾಕಿ 20 ನಿಮಿಷ ಅಲುಗಿಸದೆ ಇಡುತ್ತಾರೆ. ಪ್ಲಾಸ್ಟಿಕ್ ಆಗದು, ಸೋಪಿನಲ್ಲಿ ತೊಳೆದ ನಳಿಕೆಯೂ ಆಗದು. ಎರಡರಲ್ಲೂ ಫಲಿತಾಂಶ ತಪ್ಪುತ್ತದೆ. ಸಮಯವಾದ ಮೇಲೆ ಒಮ್ಮೆ ವಾಲಿಸಿದಾಗ ರಕ್ತ ನೀರಾಗಿಯೇ ಹರಿದರೆ ವಿಷ ಮೈಗೇರಿದೆ. ವೈದ್ಯರು ಪ್ರತಿವಿಷಕ್ಕೆ ಆದೇಶಿಸುತ್ತಾರೆ. ಕುದುರೆಯ ರಕ್ತದಿಂದ ತಯಾರಾಗುವ ಈ ಔಷಧಿ ಕೆಲವರಿಗೆ ಒಗ್ಗದೆ ಮೈ ದದ್ದೇಳುತ್ತದೆ, ಉಸಿರು ಕಟ್ಟುತ್ತದೆ, ಬಿ.ಪಿ. ಕುಸಿಯುತ್ತದೆ. ಅದಕ್ಕಾಗಿ ಅಡ್ರಿನಾಲಿನ್ ಸಿರಿಂಜಿಗೆ ತುಂಬಿಟ್ಟುಕೊಂಡು, ಡ್ರಿಪ್ ಶುರುವಾದ ಮೇಲೆ ಹಾಸಿಗೆಯ ಪಕ್ಕದಿಂದ ಕದಲದೆ ನಿಲ್ಲುವವರು ನರ್ಸ್. ಈ ನಿಲ್ಲುವಿಕೆಗೆ ಬಿಲ್ಲಿನಲ್ಲಿ ಪ್ರತ್ಯೇಕ ಸಾಲಿಲ್ಲ, ಆದರೆ ಜೀವ ಉಳಿಯುವುದು ಇದರಿಂದಲೇ.

ಹೃದಯ ನಿಂತ ರೋಗಿಯ ಸುತ್ತ ಕೆಲಸ ಇನ್ನೂ ಬಿರುಸು. ಒಬ್ಬರು ನಿಮಿಷಕ್ಕೆ 100ರಿಂದ 120ರ ಲಯದಲ್ಲಿ ಎದೆ ಒತ್ತುತ್ತಾರೆ, ಎರಡು ನಿಮಿಷಕ್ಕೆ ಕೈ ಬದಲಾಗುತ್ತದೆ. ಇನ್ನೊಬ್ಬರು ಔಷಧಿಯ ಹೆಸರು, ಪ್ರಮಾಣಗಳನ್ನು ವೈದ್ಯರಿಗೆ ಗಟ್ಟಿಯಾಗಿ ತಿರುಗಿ ಹೇಳಿಯೇ ಕೊಡುತ್ತಾರೆ. ಮತ್ತೊಬ್ಬರು ಗಡಿಯಾರ ನೋಡಿ ಬರೆಯುತ್ತಾರೆ. ಇದಕ್ಕೆಲ್ಲ ಬೇಕಾದ ಟ್ರಾಲಿಯನ್ನು ಪಾಳಿ ಬದಲಾದಾಗಲೆಲ್ಲ ಪರೀಕ್ಷಿಸುವುದೂ ನರ್ಸ್‌ಗಳ ಹೊಣೆ. ಯಾರೂ ನೋಡದ ಹೊತ್ತಿನ ಈ ತಪಾಸಣೆಯನ್ನು ನಾನು ತುರ್ತು ಶುಶ್ರೂಷೆಯ ಅರ್ಧಭಾಗ ಎಂದೇ ಎಣಿಸುತ್ತೇನೆ.

ಉಡುಪಿ ಸೀಮೆಗೆ ಶುಶ್ರೂಷೆ ಹೊಸದಲ್ಲ. ಸ್ವಿಟ್ಜರ್ಲೆಂಡಿನ ವೈದ್ಯೆ ಈವಾ ಲೊಂಬಾರ್ಡ್ 1923ರಲ್ಲಿ ಕಟ್ಟಿದ ಮಿಷನ್ ಆಸ್ಪತ್ರೆ ನೂರು ವರ್ಷ ದಾಟಿದೆ. ಮಣಿಪಾಲದ ನರ್ಸಿಂಗ್ ಕಾಲೇಜಿನಲ್ಲಿ ಕಲಿತವರು ದೇಶವಿದೇಶಗಳಲ್ಲಿ ದುಡಿಯುತ್ತಿದ್ದಾರೆ. ಹೀಗಿದ್ದೂ 'ತಡ ಮಾಡಿದರು' ಎಂದು ನರ್ಸ್‌ಗಳ ಮೇಲೆ ರೇಗುವುದು ನಮ್ಮಲ್ಲಿ ನಿಂತಿಲ್ಲ. ನಿಮಗಿಂತ ತಡವಾಗಿ ಬಂದವರನ್ನು ಮೊದಲು ಒಳಗೆ ಕರೆದರೆ ಅದು ಕೆಂಪು ಬಣ್ಣದ ತೀರ್ಮಾನ, ವಶೀಲಿಯಲ್ಲ.

ರೋಗಿಯ ಜೊತೆ ಹೋಗುವವರು ಇಷ್ಟು ಮಾಡಿ. ತೊಂದರೆ ಶುರುವಾದ ಹೊತ್ತನ್ನು ಗಡಿಯಾರ ನೋಡಿ ನೆನಪಿಟ್ಟುಕೊಳ್ಳಿ. ಲಕ್ವಕ್ಕೆ ಹೆಪ್ಪು ಕರಗಿಸುವ ಔಷಧಿ ಕೊಡಬಹುದೇ ಎಂಬುದು ಮೊದಲ ನಾಲ್ಕೂವರೆ ಗಂಟೆಯ ಲೆಕ್ಕದ ಮೇಲೆ ನಿಂತಿದೆ. ದಿನವೂ ನುಂಗುವ ಮಾತ್ರೆಗಳ ಚೀಟಿ ತನ್ನಿ. ಹಾವು ಕಚ್ಚಿದ ಕಾಲಿಗೆ ಬಿಗಿಯಾಗಿ ಕಟ್ಟಬೇಡಿ, ಕುಯ್ಯಬೇಡಿ, ಹಾವನ್ನು ಹಿಡಿದು ತರಬೇಡಿ. ಸಿಸ್ಟರ್ ಕೇಳಿದ್ದಕ್ಕೆ ನೇರವಾಗಿ ಉತ್ತರಿಸಿ. ಕುಡಿದಿದ್ದರೆ, ವಿಷ ಸೇವಿಸಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ.